ಕಣ್ಣಂಚಿನ ಬರಗಿನ ಕಾಳು

ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುವಾಗ ಕಣ್ಣಿನ ಕೆಳಗೆ ಒಂದು ಬಿಳಿ ಚುಕ್ಕೆ ಕಾಣುತ್ತದೆ. ಸಾಸಿವೆಯಷ್ಟು, ಇಲ್ಲವೇ ಅದಕ್ಕಿಂತಲೂ ಚಿಕ್ಕದು. ಮುಟ್ಟಿದರೆ ಗಟ್ಟಿ. ನೋವಿಲ್ಲ, ತುರಿಕೆಯಿಲ್ಲ. ಒಂದಿದ್ದದ್ದು ಕೆಲವು ತಿಂಗಳಲ್ಲಿ ಮೂರಾಗುತ್ತದೆ. ಪಿಂಪಲ್ ಇರಬೇಕು ಎಂದು ಹಿಸುಕಿದರೆ ಏನೂ ಹೊರಗೆ ಬರುವುದಿಲ್ಲ, ಸುತ್ತಲಿನ ಚರ್ಮ ಕೆಂಪಾಗುವುದೊಂದೇ ಲಾಭ. ಮಕ್ಕಳಿಗೂ ಬರುತ್ತದೆ, ನಮ್ಮಂಥ ವಯಸ್ಸಾದವರಿಗೂ ಬರುತ್ತದೆ. ಆದ್ದರಿಂದ ಈ ವಾರದ ಪುಟವನ್ನು ಅಜ್ಜಿ ತಾತಂದಿರೂ ಮೊಮ್ಮಕ್ಕಳೂ ಒಟ್ಟಿಗೆ ಕೂತು ಓದಬೇಕು.

ವೈದ್ಯರು ಇದನ್ನು ಮಿಲಿಯಾ ಎನ್ನುತ್ತಾರೆ. ಒಂದೇ ಇದ್ದರೆ ಮಿಲಿಯಂ. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ ಸಿರಿಧಾನ್ಯದ ಕಾಳು ಎಂದು ಅರ್ಥ. ನಮ್ಮ ಬರಗಿಗೆ ಸಸ್ಯಶಾಸ್ತ್ರದವರು ಪ್ಯಾನಿಕಂ ಮಿಲಿಯೇಸಿಯಂ ಎಂದು ಹೆಸರಿಟ್ಟಿದ್ದಾರಲ್ಲ, ಅದರೊಳಗೂ ಇದೇ ಮಿಲಿಯಂ ಕೂತಿದೆ. ಬರಗಿನ ಅನ್ನ ಉಂಡವರಿಗೆ ಹೋಲಿಕೆ ಸರಿಯಾಗಿದೆ ಎನ್ನಿಸುತ್ತದೆ. ಗಾತ್ರ ಮಾತ್ರ ಕೊಂಚ ಕಡಿಮೆ, ಒಂದೆರಡು ಮಿಲಿಮೀಟರ್.

ಒಳಗಿರುವುದು ಕೀವಲ್ಲ, ಕೊಬ್ಬೂ ಅಲ್ಲ, ಕೆರಾಟಿನ್. ಮಕ್ಕಳೇ, ನಿಮ್ಮ ಉಗುರು, ಕೂದಲು, ಕೋಳಿಯ ಗರಿ, ಘೇಂಡಾಮೃಗದ ಕೊಂಬು ಎಲ್ಲವೂ ಕೆರಾಟಿನ್ನಿನವೇ. ನಮ್ಮ ಚರ್ಮದ ಮೇಲ್ಪದರ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಹೊಸದಾಗುತ್ತದೆ. ಕೆಳಗೆ ಹುಟ್ಟಿದ ಜೀವಕೋಶಗಳು ನಿಧಾನವಾಗಿ ಮೇಲೆ ಬಂದು, ಕೆರಾಟಿನ್ ತುಂಬಿಕೊಂಡು, ಸತ್ತು, ನಮಗೆ ಗೊತ್ತಾಗದಂತೆ ಉದುರಿಹೋಗುತ್ತವೆ. ಎಲ್ಲೋ ಒಂದು ಕಡೆ ಉದುರಬೇಕಾದದ್ದು ಒಳಗೇ ಸಿಕ್ಕಿಕೊಂಡರೆ ಸುತ್ತ ಒಂದು ಪುಟ್ಟ ಚೀಲ ಬೆಳೆದು ಕಾಳಿನಂತಾಗುತ್ತದೆ. ಬ್ಯಾಂಕಿನಲ್ಲಿ ಯಾವ ಖಾತೆಗೆ ಸೇರಬೇಕೆಂದು ತಿಳಿಯದ ಹಣವನ್ನು ಸಸ್ಪೆನ್ಸ್ ಅಕೌಂಟಿನಲ್ಲಿ ಇಡುತ್ತಿದ್ದೆವು. ಇದೂ ಹಾಗೆಯೇ, ದಾರಿ ಸಿಗದೆ ಉಳಿದ ಬಾಕಿ. ಚೀಲಕ್ಕೆ ಬಾಯಿ ಇಲ್ಲ. ಅದಕ್ಕೇ ಹಿಸುಕಿದರೆ ಬರುವುದಿಲ್ಲ.

ಹಸುಗೂಸುಗಳಲ್ಲಂತೂ ಇದು ತೀರ ಸಾಮಾನ್ಯ. ಹುಟ್ಟಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ಮೂಗು, ಕೆನ್ನೆಗಳ ಮೇಲೆ ಇವು ಕಾಣುತ್ತವೆ, ಕೆಲವೇ ವಾರಗಳಲ್ಲಿ ತಾವಾಗಿಯೇ ಮಾಯವಾಗುತ್ತವೆ. ಬಾಣಂತಿ ಮನೆಯ ಹಿರಿಯರು ಕಡಲೆಹಿಟ್ಟು ಹಾಕಿ ತಿಕ್ಕುವ ಅಗತ್ಯವೇ ಇಲ್ಲ. ದೊಡ್ಡವರಲ್ಲಿ ಮಾತ್ರ ಅವು ಅಷ್ಟು ಬೇಗ ಹೋಗುವುದಿಲ್ಲ, ತಿಂಗಳುಗಟ್ಟಲೆ ಉಳಿಯುತ್ತವೆ. ದಪ್ಪ ಜಿಡ್ಡಿನ ಕ್ರೀಮುಗಳಿಂದ, ಸುಟ್ಟಗಾಯ ಮಾಗಿದ ಮೇಲೆ, ಡಾಕ್ಟರನ್ನು ಕೇಳದೆ ಅಂಗಡಿಯಿಂದ ತಂದು ಬಹಳ ದಿನ ಹಚ್ಚಿದ ಸ್ಟೀರಾಯ್ಡ್ ಮುಲಾಮಿನಿಂದಲೂ ಬರುವುದುಂಟು.

ನಮ್ಮ ಮನೆಯಲ್ಲಿ ಎಂಟನೇ ತರಗತಿಯ ಮೊಮ್ಮಗಳಿಗೆ ಇದು ಬಂದಾಗ ಸಲಹೆಗಳಿಗೆ ಬರವಿರಲಿಲ್ಲ. "ಬಾಮ್ಮಾ ಇಲ್ಲಿ, ಸೂಜಿ ಕಾಯಿಸಿ ಒಂದು ಸಲ ಚುಚ್ಚಿದರೆ ಆಯ್ತು" ಎಂದು ಅವಳ ಅಜ್ಜಿ. ಟೂತ್‌ಪೇಸ್ಟ್ ಹಚ್ಚಿ ಎಂದು ಪಕ್ಕದ ಮನೆಯವರು. ಊರಿನಿಂದ ಬಂದಿದ್ದ ನೆಂಟರೊಬ್ಬರು ನರಹುಲಿಗೆ ಹಚ್ಚುವ ಎಕ್ಕದ ಹಾಲನ್ನು ಇದಕ್ಕೂ ಹಚ್ಚಬಹುದು ಎಂದರು. ನಾನು ದನಿ ಏರಿಸುವುದು ಅಪರೂಪ, ಆ ದಿನ ಏರಿಸಿದೆ.

ಏಕೆಂದರೆ ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಊದಿಕೊಂಡು ದೃಷ್ಟಿ ಮಂಜಾಗುತ್ತದೆ. ಎಷ್ಟೋ ಸಲ ಹೆಚ್ಚು ನೋವೇ ಇರುವುದಿಲ್ಲ, ಆದ್ದರಿಂದ ಜನ ತಡಮಾಡುತ್ತಾರೆ. ರಥಸಪ್ತಮಿಗೆ ಎಲೆ ಕೀಳುವ ಮಕ್ಕಳೂ ಇದನ್ನು ನೆನಪಿಡಿ, ಕೈ ತೊಳೆಯದೆ ಕಣ್ಣುಜ್ಜಬೇಡಿ. ಎಲೆಯಡಿಕೆಯ ಸುಣ್ಣ ಇನ್ನೂ ಕೆಟ್ಟದ್ದು. ನರಹುಲಿಗೆ ಸುಣ್ಣ ಹಚ್ಚುವ ರೂಢಿ ಕೆಲವೆಡೆ ಇದೆ. ಕಣ್ಣಿಗೆ ಸಿಡಿದರೆ ಅದು ಸುಡುತ್ತಾ ಒಳಗೆ ಇಳಿಯುತ್ತಲೇ ಹೋಗುತ್ತದೆ. ಹಾಗೇನಾದರೂ ಆದರೆ ಆ ಕ್ಷಣವೇ ಶುದ್ಧ ನೀರನ್ನು ಧಾರಾಳವಾಗಿ ಸುರಿದು ಹದಿನೈದು ಇಪ್ಪತ್ತು ನಿಮಿಷ ಕಣ್ಣು ತೊಳೆದು, ನೆಟ್ಟಗೆ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ರೆಪ್ಪೆಯ ಚರ್ಮ ನಮ್ಮ ಮೈಯಲ್ಲೇ ಅತಿ ತೆಳುವಾದದ್ದು, ಸುಮಾರು ಅರ್ಧ ಮಿಲಿಮೀಟರ್. ಅದರ ಹಿಂದೆಯೇ ಕಣ್ಣು. ಅಲ್ಲಿ ಮನೆಯ ಸೂಜಿಗೆ ಏನು ಕೆಲಸ? ಕೈ ಜಾರಿದರೆ ಒಂದು ಅಪಾಯ, ಸೋಂಕು ತಗಲಿದರೆ ಇನ್ನೊಂದು.

ಚರ್ಮವೈದ್ಯರ ಹತ್ತಿರ ಹೋದೆವು. ಭೂತಗನ್ನಡಿ ಹಿಡಿದು ನೋಡಿದ ಡಾಕ್ಟರಮ್ಮ, "ಇದರಿಂದ ಏನೂ ತೊಂದರೆ ಇಲ್ಲ ಪುಟ್ಟಿ. ಯಾರಿಗೂ ಅಂಟೋದೂ ಇಲ್ಲ. ಇರಲಿ ಅಂದ್ರೆ ಬಿಡ್ತೀನಿ, ಬೇಡ ಅಂದ್ರೆ ತೆಗೀತೀನಿ" ಎಂದರು. ಅಂಟುವುದಿಲ್ಲ ಎಂದಾಗ ಹುಡುಗಿಯ ಮುಖ ಅರಳಿತು. ತರಗತಿಯಲ್ಲಿ ಒಬ್ಬಳು ಬೆಂಚಿನಲ್ಲಿ ದೂರ ಸರಿದು ಕೂತಿದ್ದಳಂತೆ, ನಮಗೆ ಅಲ್ಲಿಯವರೆಗೆ ಹೇಳಿರಲಿಲ್ಲ. ತೆಗೆಯಿರಿ ಎಂದಳು. ಶುದ್ಧೀಕರಿಸಿದ ಸಣ್ಣ ಸೂಜಿಯ ಮೊನೆಯಿಂದ ಕಾಳಿನ ನೆತ್ತಿಯನ್ನು ಕೊಂಚ ಬಿಡಿಸಿದರು, ಮೆಲ್ಲಗೆ ಒತ್ತಿದರು, ಬಿಳಿ ಮಣಿ ಇಡಿಯಾಗಿ ಹೊರಗೆ ಬಂತು. ಹೊಲಿಗೆ ಇಲ್ಲ, ಪಟ್ಟಿ ಇಲ್ಲ. "ಇಷ್ಟೇನಾ?" ಎಂದು ಬಟ್ಟೆಯ ಮೇಲಿದ್ದ ಆ ಮಣಿಯನ್ನು ಮೊಮ್ಮಗಳು ಬಹಳ ಹೊತ್ತು ನೋಡಿದಳು.

ಆಮೇಲೆ ಡಾಕ್ಟರಮ್ಮ ನನ್ನ ಹೆಂಡತಿಯ ಕಡೆ ತಿರುಗಿ, "ಅಮ್ಮಾ, ನೀವು ಸ್ವಲ್ಪ ಕಣ್ಣು ಮುಚ್ಚಿ" ಎಂದರು. ಮೇಲ್ರೆಪ್ಪೆಯ ಒಳಮೂಲೆಯಲ್ಲಿ, ಮೂಗಿನ ಪಕ್ಕಕ್ಕೆ, ಹಳದಿ ಛಾಯೆಯ ಚಪ್ಪಟೆ ಮಚ್ಚೆ. ನಾವೆಲ್ಲ ವಯಸ್ಸಿನ ಗುರುತು ಎಂದುಕೊಂಡಿದ್ದೆವು. ಅದು ಮಿಲಿಯಾ ಅಲ್ಲ, ಕ್ಸಾಂಥೆಲಾಸ್ಮಾ. ಚರ್ಮದಡಿ ಕೊಲೆಸ್ಟರಾಲ್ ಶೇಖರವಾಗಿ ಬರುವುದು. ಮೊಮ್ಮಗಳನ್ನು ತೋರಿಸಲು ಹೋದವರು ಅಜ್ಜಿಗೆ ರಕ್ತಪರೀಕ್ಷೆ ಬರೆಸಿಕೊಂಡು ಬಂದೆವು. ಸಕ್ಕರೆಯೂ ಇಲ್ಲ, ಬಿಪಿಯೂ ಇಲ್ಲ ಎಂದು ನೆಂಟರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದವರ ಕೆಟ್ಟ ಕೊಲೆಸ್ಟರಾಲು 178 ಇತ್ತು. ಈಗ ರಾತ್ರಿ ಒಂದು ಮಾತ್ರೆ, ಬೆಳಿಗ್ಗೆ ಪಾರ್ಕಿನಲ್ಲಿ ನಡಿಗೆ.

ಈ ಹಳದಿ ಮಚ್ಚೆ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನರ ರಕ್ತದಲ್ಲಿ ಕೊಲೆಸ್ಟರಾಲ್ ಸರಿಯಾಗಿಯೇ ಇರುತ್ತದೆ, ಆದ್ದರಿಂದ ಹೆದರಬೇಕಿಲ್ಲ. ಆದರೆ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ 12 ಸಾವಿರಕ್ಕೂ ಹೆಚ್ಚು ಜನರನ್ನು ದಶಕಗಳ ಕಾಲ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಮಚ್ಚೆ ಇದ್ದವರಿಗೆ ಹೃದಯಾಘಾತದ ಸಂಭವ ಹೆಚ್ಚೆಂದು ಕಂಡುಬಂತು. ಒಮ್ಮೆ ಪರೀಕ್ಷೆ ಮಾಡಿಸಿಬಿಡುವುದು ಜಾಣತನ. ಅಂದಹಾಗೆ ಮಕ್ಕಳೇ, ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಮೊನಾಲಿಸಾ ಚಿತ್ರದಲ್ಲೂ ಆಕೆಯ ಎಡಗಣ್ಣಿನ ಒಳಮೂಲೆಯಲ್ಲಿ ಇಂಥ ಮಚ್ಚೆ ಇದೆ ಎಂದು ಕೆಲವು ವೈದ್ಯರು ಬರೆದಿದ್ದಾರೆ. ಮುಂದಿನ ಸಲ ಚಿತ್ರ ಸಿಕ್ಕಾಗ ನಗು ಬಿಟ್ಟು ರೆಪ್ಪೆ ನೋಡಿ!

ಮಕ್ಕಳಲ್ಲಿ ಮಿಲಿಯಾ ಎಂದು ತಪ್ಪು ತಿಳಿಯುವ ಇನ್ನೊಂದು ಗುಳ್ಳೆ ಮೊಲಸ್ಕಂ. ಮುತ್ತಿನಂತೆ ಹೊಳೆಯುತ್ತದೆ, ನಡುವೆ ಸೂಜಿ ಊರಿದಷ್ಟು ಚಿಕ್ಕ ತಗ್ಗಿರುತ್ತದೆ. ಇದು ವೈರಸ್ಸಿನಿಂದ ಬರುವುದು, ಇದು ಅಂಟುತ್ತದೆ. ಕೆರೆದ ಕೈಯಿಂದ, ಹಂಚಿಕೊಂಡ ಟವೆಲ್ಲಿನಿಂದ ಹರಡುತ್ತದೆ. ಶಾಲೆ ಬಿಡಿಸಬೇಕಿಲ್ಲ, ಟವೆಲ್ ಬೇರೆ ಮಾಡಿದರೆ ಸಾಕು. ಕೆಂಪಗೆ ನೋಯುತ್ತಾ ರೆಪ್ಪೆಯ ಅಂಚಿನಲ್ಲಿ ಏಳುವ ಕುರು ಬೇರೆಯೇ, ಅದರ ಪರಿಚಯ ಎಲ್ಲರಿಗೂ ಇದೆ. ಹಿರಿಯರ ವಿಷಯದಲ್ಲಿ ಒಂದು ಎಚ್ಚರಿಕೆ: ರೆಪ್ಪೆಯ ಮೇಲಿನ ಗಂಟು ನಿಧಾನವಾಗಿ ಬೆಳೆಯುತ್ತಿದ್ದರೆ, ಆಗಾಗ ರಕ್ತ ಜಿನುಗಿ ಹಕ್ಕಳೆ ಕಟ್ಟುತ್ತಿದ್ದರೆ, ಅಲ್ಲಿನ ರೆಪ್ಪೆಗೂದಲು ಉದುರಿದ್ದರೆ, ಈ ಪತ್ರಿಕೆಯನ್ನು ಪಕ್ಕಕ್ಕಿಟ್ಟು ಇದೇ ವಾರ ಡಾಕ್ಟರಿಗೆ ತೋರಿಸಿ. ಅದು ಕ್ಯಾನ್ಸರಿನ ಲಕ್ಷಣವೂ ಆಗಿರಬಹುದು, ಬೇಗ ಗೊತ್ತಾದರೆ ಚಿಕಿತ್ಸೆ ಸುಲಭ.

ಹೋಗುವಾಗ ಮುಖಕ್ಕೆ ಹಚ್ಚುತ್ತಿರುವ ಕ್ರೀಮು, ಎಣ್ಣೆ, ಮುಲಾಮುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಹೆಸರು ಬಾಯಿಗೆ ಬರುವುದಿಲ್ಲ, ಟ್ಯೂಬಿನ ಮೇಲೆ ಬರೆದಿರುತ್ತದೆ. ನಮ್ಮ ಚೀಲದಲ್ಲಿ ಆ ದಿನ ಒಂಬತ್ತು ಟ್ಯೂಬು, ಡಬ್ಬಿ ಇದ್ದವು. ಡಾಕ್ಟರಮ್ಮ ಎರಡನ್ನು ಇಟ್ಟುಕೊಳ್ಳಿ ಎಂದು ಉಳಿದ ಏಳನ್ನು ಕಸದ ಬುಟ್ಟಿಗೆ ಹಾಕಿಸಿದರು.