ಕಡಲುಗಳ್ಳರ ಆಟಕ್ಕೊಂದು ಹಡಗು

ಈ ತಿಂಗಳ ತಲೆಬರಹವನ್ನು ನೋಡಿ, ಸದ್ಗೃಹಸ್ಥರ ಮನೆಗೂ ಕಡಲುಗಳ್ಳರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಆ ಸಂಬಂಧವನ್ನು ಕಲ್ಪಿಸಿದವರು ನಮ್ಮ ಮಕ್ಕಳೇ. ಅಮೆರಿಕಾ ದೇಶದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವು 1974ರಲ್ಲಿ ಪ್ರಕಟವಾಯಿತು. ಅಂದಿನಿಂದ ಅದೇ ಜಾತಿಯ ಆಟಗಳು ಅನೇಕ ಹುಟ್ಟಿ, ಈಗ ನಮ್ಮ ನಗರಗಳ ಮನೆಗಳನ್ನೂ ಹೊಕ್ಕಿವೆ. ತಾಳಮದ್ದಳೆಯನ್ನು ಬಲ್ಲವರಿಗೆ ಇವುಗಳ ಮರ್ಮವನ್ನು ತಿಳಿಸುವುದು ಸುಲಭ. ವೇಷವಿಲ್ಲ, ಕುಣಿತವಿಲ್ಲ; ಕುಳಿತಲ್ಲಿಯೇ ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ ಆಶುವಾಗಿ ಮಾತನಾಡುವರು. ಭೇದವಿಷ್ಟೆ: ಇಲ್ಲಿ ಕಥೆಯ ಕೊನೆಯು ಯಾರಿಗೂ ಮೊದಲೇ ತಿಳಿದಿರುವುದಿಲ್ಲ. ಸೂತ್ರಧಾರನೊಬ್ಬನು ಸನ್ನಿವೇಶವನ್ನು ಹೇಳುವನು; ಸಾಹಸದ ಫಲವನ್ನು ದಾಳವು ನಿರ್ಣಯಿಸುವುದು. ಯಾವ ಪಾತ್ರವು ಎಲ್ಲಿ ನಿಂತಿದೆಯೆಂದು ತೋರಿಸುವುದಕ್ಕೆ ಹೆಬ್ಬೆರಳಿನ ಗಿಣ್ಣಿನಷ್ಟು ಎತ್ತರದ ಬೊಂಬೆಗಳನ್ನು ಮೇಜಿನ ಮೇಲೆ ಇಡುವುದುಂಟು.

ಕಥೆಯು ಕಡಲುಗಳ್ಳರದಾದರೆ ಆ ಬೊಂಬೆಗಳು ನಿಲ್ಲುವುದಕ್ಕೆ ಹಡಗು ಬೇಕು. ಮಗನೋ ಮೊಮ್ಮಗಳೋ ಅದನ್ನು ಬೇಡಿದಾಗ ಮನೆಯ ಹಿರಿಯರ ಮುಂದೆ ಎರಡು ಪ್ರಶ್ನೆಗಳು ಬಂದು ನಿಲ್ಲುತ್ತವೆ. ಹಡಗನ್ನು ಎಲ್ಲಿಂದ ತರುವುದು ಎಂಬುದು ಮೊದಲನೆಯದು. ಕಳ್ಳರ ಆಟವನ್ನು ಮಕ್ಕಳಿಗೆ ಆಡಗೊಡಬಹುದೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರವನ್ನು ಹುಡುಕುತ್ತ ಹೋದರೆ ಎರಡನೆಯದಕ್ಕೂ ದಾರಿ ಕಾಣುವುದು.

ಹಡಗನ್ನು ಆರಿಸುವಾಗ ಮೊದಲು ನೋಡತಕ್ಕದ್ದು ಅಂದವನ್ನಲ್ಲ, ಪ್ರಮಾಣವನ್ನು. ಭೋಜರಾಜನ ಹೆಸರಿನಲ್ಲಿ ಪ್ರಸಿದ್ಧವಾದ ಯುಕ್ತಿಕಲ್ಪತರುವು ನೌಕೆಗಳನ್ನು ವಿಭಾಗಿಸುವಾಗ ಉದ್ದ, ಅಗಲ, ಎತ್ತರಗಳ ಅಳತೆಯನ್ನೇ ಹಿಡಿಯುತ್ತದೆ. ನಾವೂ ಅದನ್ನೇ ಹಿಡಿಯೋಣ. ಈ ಆಟಗಳಲ್ಲಿ ಒಂದು ಅಂಗುಲವನ್ನು ಐದು ಅಡಿಯೆಂದು ಎಣಿಸುವ ರೂಢಿಯಿದೆ. ಅಂದರೆ ಅರುವತ್ತರಲ್ಲಿ ಒಂದು ಪಾಲು. ಈ ಲೆಕ್ಕದಲ್ಲಿ ಆರಡಿಯ ಆಳು ಸುಮಾರು 30 ಮಿಲಿಮೀಟರ್ ಆಗುವನು. ಅಂಗಡಿಯಲ್ಲಿ ‘28 ಮಿಲಿಮೀಟರ್’ ಎಂದು ಮಾರುವ ಬೊಂಬೆಗಳು ಇದಕ್ಕೆ ಸರಿಹೊಂದುತ್ತವೆ. 60 ಅಡಿಯ ಹಡಗು ಒಂದು ಅಡಿಯಾಗುವುದು. 100 ಅಡಿಯದು 20 ಅಂಗುಲವಾಗಿ ಮೇಜನ್ನೇ ಆಕ್ರಮಿಸುವುದು.

ಜೋಡಿಸುವ ಪ್ಲಾಸ್ಟಿಕ್ ಹಡಗುಗಳ ಪೆಟ್ಟಿಗೆಯ ಮೇಲೆ ಪ್ರಮಾಣವನ್ನು ಅಚ್ಚುಮಾಡಿರುತ್ತಾರೆ. ಎಪ್ಪತ್ತೆರಡರಲ್ಲಿ ಒಂದು ಎಂದಿದ್ದರೆ ಕೊಳ್ಳಬಹುದು. ಅದರಲ್ಲಿ ಆರಡಿಯ ಆಳು 25 ಮಿಲಿಮೀಟರ್ ಇರುವನಾದ್ದರಿಂದ ನಮ್ಮ ಬೊಂಬೆ ಸ್ವಲ್ಪ ದಢೂತಿಯಾಗಿ ಕಂಡರೂ ಕಣ್ಣಿಗೆ ಒತ್ತದು. ಆದರೆ ಎಷ್ಟೋ ಹಡಗುಗಳನ್ನು ಪೆಟ್ಟಿಗೆಯ ಅಳತೆಗೆ ತಕ್ಕಂತೆ ಕುಗ್ಗಿಸಿ ಮಾಡಿರುವರು. ನೂರಮೂವತ್ತರಲ್ಲಿ ಒಂದು ಪ್ರಮಾಣದ ಹಡಗಿನಲ್ಲಿ ಆಳು 14 ಮಿಲಿಮೀಟರ್ ಮಾತ್ರ. ಅಲ್ಲಿ ನಮ್ಮ ಕಪ್ತಾನನನ್ನು ನಿಲ್ಲಿಸಿದರೆ ಅವನ ಕೋಣೆಯ ಬಾಗಿಲು ಅವನ ಸೊಂಟಕ್ಕೆ ಬರುವುದು. ಮಕ್ಕಳ ಆಟಿಕೆಯ ಹಡಗುಗಳಲ್ಲಿ ದೋಷವು ಇದಕ್ಕೆ ವಿಪರೀತ. ಪ್ಲೇಮೊಬಿಲ್ ಎಂಬ ಜರ್ಮನ್ ಆಟಿಕೆಯ ಆಳು ಏಳೂವರೆ ಸೆಂಟಿಮೀಟರ್ ಎತ್ತರ. ಅವನ ಹಡಗಿನ ಕಟಾಂಜನವು ನಮ್ಮ ಆಳಿನ ತಲೆಯನ್ನು ಮರೆಸುವುದು. ಆದರೂ ಅದರ ಅಂಗಳ ವಿಶಾಲವಾದುದು, ಮೈ ಗಟ್ಟಿಯಾದುದು. ಪುಟ್ಟ ಹಡಗನ್ನು ಹಿಗ್ಗಿಸಲಾಗದು, ದೊಡ್ಡದನ್ನು ತಿದ್ದಬಹುದು. ಆದ್ದರಿಂದ ಹಳೆಯ ಸಾಮಾನಿನ ಅಂಗಡಿಯಲ್ಲಿಯೋ ನೆಂಟರ ಮನೆಯ ಅಟ್ಟದ ಮೇಲೆಯೋ ಇಂತಹ ಮುರುಕು ಹಡಗು ಸಿಕ್ಕಿದರೆ ಬಿಡಬೇಡಿ. ಹೋಗುವಾಗ ಒಂದು ಬೊಂಬೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಬಾಗಿಲು, ಮೆಟ್ಟಲು, ಫಿರಂಗಿಗಳ ಪಕ್ಕದಲ್ಲಿ ನಿಲ್ಲಿಸಿ ನೋಡುವುದೇ ಪರೀಕ್ಷೆ.

ಇನ್ನು ತಿದ್ದುವ ಬಗೆ. ಮೇಜೇ ಕಡಲಾದುದರಿಂದ ನೀರಿನ ಮಟ್ಟಕ್ಕಿಂತ ಕೆಳಗಿನ ಭಾಗವನ್ನು ಕೊಯ್ದು ತೆಗೆದರೆ ಹಡಗು ಸಮವಾಗಿ ಕೂರುವುದು. ಗರಗಸ ಮತ್ತು ಚಾಕು ಹಿರಿಯರ ಕೈಯಲ್ಲಿರಲಿ. ಆಟಿಕೆಯ ಹಡಗಾದರೆ ಒಳಗೆ ರಟ್ಟಿನ ಹೊಸ ನೆಲವನ್ನು ಎತ್ತರಿಸಿ ಕೂಡಿಸಬೇಕು. ಆಗ ಕಟಾಂಜನವು ಬೊಂಬೆಯ ಸೊಂಟಕ್ಕೆ ಇಳಿಯುವುದು. ಐಸ್‌ಕ್ರೀಮಿನ ಕಡ್ಡಿಗಳನ್ನು ಸಾಲಾಗಿ ಅಂಟಿಸಿದರೆ ಹಲಗೆಯ ನೆಲವಾಯಿತು. ಹಾಯಿಕಂಬಗಳನ್ನು ಅಂಟಿಸಬಾರದು, ತೂತಿನಲ್ಲಿ ನೆಟ್ಟು, ಬೇಕೆಂದಾಗ ಕೀಳುವಂತಿರಬೇಕು. ಹಳೆಯ ಪಂಚೆಯ ತುಂಡನ್ನು ಚಹದ ನೀರಿನಲ್ಲಿ ಅದ್ದಿ ಒಣಗಿಸಿದರೆ ಬಿಸಿಲುಮಳೆಗಳನ್ನು ಕಂಡ ಹಾಯಿಯಾಗುವುದು. ಹಗ್ಗಗಳ ಜಾಲವನ್ನು ಮಾತ್ರ ಮಿತಗೊಳಿಸಿರಿ. ಗೂಡಿನಲ್ಲಿಡುವ ಹಡಗಿಗೆ ನೂರು ದಾರಗಳು ಶೋಭೆ. ಆಡುವ ಹಡಗಿನಲ್ಲಿ ಮಕ್ಕಳ ಕೈಯಾಡಬೇಕು. ಇಷ್ಟು ಪರಿಶ್ರಮಕ್ಕೆ ಬಿಡುವಿಲ್ಲದವರು ಒಂದು ಅಂಗುಲದ ಚೌಕಗಳನ್ನು ಗೆರೆಯೆಳೆದ ಕಾಗದದ ಮೇಲೆ ಹಡಗಿನ ನೆಲವನ್ನು ಬರೆದರೂ ಆಟಕ್ಕೆ ಕೊರತೆಯಿಲ್ಲ.

ಹೀಗೆ ಕಡಿದು ಕಟ್ಟಿದ ಹಡಗು ಅಸಲಿಗಿಂತ ಕೀಳೆಂದು ಯಾರೂ ಭಾವಿಸಬೇಕಾದುದಿಲ್ಲ. ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ಕೆರಿಬಿಯನ್ ಕಡಲಿನಲ್ಲಿ ಮೆರೆದ ಕಳ್ಳರು ತಮ್ಮ ಹಡಗುಗಳನ್ನು ಪ್ರಾಯಶಃ ಕಟ್ಟಿಸಿದವರಲ್ಲ, ಕಸಿದುಕೊಂಡವರು. ಹಿಡಿದ ಹಡಗಿನ ಮೇಲ್ಕೋಣೆಗಳನ್ನು ಕಡಿದು ನೆಲವನ್ನು ಸಮಮಾಡುವುದು, ಹೊಸ ಕಂಡಿಗಳನ್ನು ಕೊರೆದು ಫಿರಂಗಿಗಳನ್ನು ಕೂಡಿಸುವುದು, ಇವೆಲ್ಲ ಅವರ ರೂಢಿ. ಚಿತ್ರಗಳಲ್ಲಿ ಕಾಣುವ ಮಹಾನೌಕೆಗಳಿಗಿಂತ ‘ಸ್ಲೂಪು’ ಎಂಬ ಒಂದೇ ಕಂಬದ ಹಗುರವಾದ ಹಡಗುಗಳೇ ಅವರಲ್ಲಿ ಹೆಚ್ಚು. ನಮ್ಮ ಒಂದು ಅಡಿಯ ಹಡಗು ಸತ್ಯಕ್ಕೂ ಹತ್ತಿರವೆಂದಾಯಿತು.

ಸತ್ಯದ ಮಾತು ಬಂದುದರಿಂದ ಅದರ ಇನ್ನೊಂದು ಮುಖವನ್ನೂ ಹೇಳಬೇಕು. ‘ಕರಿಗಡ್ಡ’ನೆಂದು ಕುಖ್ಯಾತನಾದ ಎಡ್ವರ್ಡ್ ಟೀಚನ ಹಡಗು ‘ಕ್ವೀನ್ ಆನ್ಸ್ ರಿವೆಂಜ್’. 1717ರ ನವೆಂಬರಿನಲ್ಲಿ ಅವನು ಅದನ್ನು ಹಿಡಿಯುವ ಮುನ್ನ ಅದು ‘ಲಾ ಕಾಂಕಾರ್ಡ್’ ಎಂಬ ಫ್ರೆಂಚ್ ಹಡಗು. ಗುಲಾಮರನ್ನು ಸಾಗಿಸುವುದು ಅದರ ವ್ಯಾಪಾರ. ಆ ಯಾತ್ರೆಯಲ್ಲಿ ಆಫ್ರಿಕದಿಂದ ಹೊರಡುವಾಗ ಅದರಲ್ಲಿ 516 ಮಂದಿ ಸೆರೆಯಾಳುಗಳಿದ್ದರು. ಅವರಲ್ಲಿ 61 ಮಂದಿ ದಾರಿಯಲ್ಲಿಯೇ ಸತ್ತರು. ಕಳ್ಳರು ಉಳಿದವರಲ್ಲಿ ಬಹುಮಂದಿಯನ್ನು ಫ್ರೆಂಚ್ ಖಲಾಸಿಗಳೊಡನೆ ಬೆಕ್ವಿಯಾ ಎಂಬ ದ್ವೀಪದಲ್ಲಿ ಇಳಿಸಿ, ಅವರಿಗೊಂದು ಸಣ್ಣ ಸ್ಲೂಪನ್ನು ಬಿಟ್ಟುಕೊಟ್ಟು, ದೊಡ್ಡ ಹಡಗನ್ನು ಒಯ್ದರು. ಫ್ರೆಂಚರು ಆ ಸ್ಲೂಪಿಗೆ ‘ಕೆಟ್ಟ ಭೇಟಿ’ ಎಂಬರ್ಥದ ಹೆಸರಿಟ್ಟು, ಅದರಲ್ಲಿಯೇ ಆ ಸೆರೆಯಾಳುಗಳನ್ನು ಎರಡು ಸಲವಾಗಿ ತುಂಬಿ ಮಾರ್ಟಿನೀಕ್ ದ್ವೀಪಕ್ಕೆ ಸಾಗಿಸಿದರು. ಹಡಗಿನ ಒಡೆಯರು ಬದಲಾದರು. ಆ ಜನರ ಸಂಕೋಲೆ ಬದಲಾಗಲಿಲ್ಲ. ಹಡಗು 1718ರಲ್ಲಿ ಉತ್ತರ ಕೆರೊಲಿನಾದ ತೀರದಲ್ಲಿ ನೆಲಹತ್ತಿ ಮುರಿಯಿತು. ಅದರ ಅವಶೇಷವು 1996ರಲ್ಲಿ ದೊರೆಯಿತು. ಸ್ಯಾಮ್ಯುಯೆಲ್ ಬೆಲ್ಲಮಿಯು ಹಿಡಿದಿದ್ದ ‘ವಿಡಾ’ ಎಂಬ ಹಡಗೂ ಗುಲಾಮರ ವ್ಯಾಪಾರದ್ದೇ ಆಗಿದ್ದಿತು.

ಆ ಜನರನ್ನು ತುರುಕಿದ್ದುದು ಹಡಗಿನ ನೆಲದ ಕೆಳಗೆ. ನಮ್ಮ ಆಟದ ಹಡಗಿನಲ್ಲಿ ಕಾಣದಿರುವುದು ಆ ಭಾಗವೇ. ಮೇಜಿಗೆ ಹೊಂದಲೆಂದು ಹಡಗಿನ ಒಡಲನ್ನು ಕೊಯ್ಯುವುದು ನ್ಯಾಯ. ಮಕ್ಕಳಿಗೆ ಹಿತವಾಗಲೆಂದು ಕಥೆಯ ಒಡಲನ್ನು ಕೊಯ್ಯುವುದು ನ್ಯಾಯವಲ್ಲ. ಆದುದರಿಂದ ಆಟವನ್ನು ನಿಷೇಧಿಸಿರೆಂದು ನಾನು ಹೇಳೆನು. ಕಥೆಯ ಕೊನೆ ನಿಶ್ಚಿತವಾಗಿಲ್ಲದಿರುವುದೇ ಈ ಆಟದ ವಿಶೇಷವಷ್ಟೆ? ರಜೆಯ ದಿನ ಒಮ್ಮೆ ಮನೆಯ ಹಿರಿಯರೇ ಸೂತ್ರಧಾರರಾಗಿ ಕುಳಿತು, ಮಕ್ಕಳು ಗೆದ್ದ ಹಡಗಿನ ನೆಲದ ಬಾಗಿಲನ್ನು ತೆರೆಸಿ, “ಕೆಳಗೆ 455 ಮಂದಿ ಇದ್ದಾರೆ, ಅನ್ನವೂ ನೀರೂ ನಿಮ್ಮಲ್ಲಿ ಇಷ್ಟೇ ಇದೆ. ಈಗ ಏನು ಮಾಡುವಿರಿ?” ಎಂದು ಕೇಳಲಿ. ಮಕ್ಕಳು ತಮ್ಮೊಳಗೆ ವಾದಿಸಲಿ, ದಾಳವನ್ನು ಎಸೆಯಲಿ. ಆಟ ಮುಗಿದು ಹಡಗನ್ನು ಪೆಟ್ಟಿಗೆಗೆ ಸೇರಿಸುವಾಗ, 1717ರಲ್ಲಿ ನಿಜವಾಗಿ ನಡೆದುದೇನೆಂಬುದನ್ನು ಅವರಿಗೆ ತಿಳಿಸಿರಿ.