ಮರ ಕಡಿದ್ರೆ ರೋಗ ಕಡಿದಂಗಲ್ಲ

ಅಡಿಕೆ ಮರ ಹಳದಿಯಾಗಿ ಒಣಗ್ತು ಅಂದ್ರೆ ನಮ್ಮ ಮಲೆನಾಡಿನ ಕಡೆ ಗಂಡಸರಿಗೆ ಗೊತ್ತಿರೋದು ಒಂದೇ ಮದ್ದು, ಕೊಡಲಿ. ಮರ ಬೀಳಿಸಿ, ದಬ್ಬೆ ಸೀಳಿ, ಕಾಲು ತೊಳ್ಕೊಂಡು ಬಂದು ಕಾಫಿ ಕುಡಿದ್ರೆ ಅವರ ಲೆಕ್ಕದಲ್ಲಿ ರೋಗ ಹೋಯ್ತು. ತೋಟದಲ್ಲಿ ಮೊಳದುದ್ದದ ಬೊಡ್ಡೆ ಹಂಗೇ ನಿಂತಿರತ್ತೆ. ಕೇಳಿದ್ರೆ, ‘ಅದು ತನ್ನಷ್ಟಕ್ಕೆ ಮಣ್ಣಾಗತ್ತೆ ಬಿಡೇ ಮಾರಾಯ್ತಿ’ ಅಂತಾರೆ. ಬೊಡ್ಡೆ ಮಣ್ಣಾಗೋದರೊಳಗೆ ಪಕ್ಕದ ನಾಲ್ಕು ಮರ ಮಣ್ಣಾಗಿರತ್ತೆ, ಅದನ್ನ ಯಾರು ಲೆಕ್ಕ ಇಡ್ತಾರೆ?

ಇದಕ್ಕೆ ಅಣಬೆ ರೋಗ ಅಂತ ಹೆಸರು. ಗ್ಯಾನೋಡರ್ಮಾ ಅನ್ನೋ ಶಿಲೀಂಧ್ರದ ಕೆಲಸ. ಮೊದಲು ಬೇರು ಕೊಳೆಯತ್ತೆ, ನಮಗೆ ಕಾಣಲ್ಲ. ಆಮೇಲೆ ಕೆಳಗಿನ ಸುತ್ತಿನ ಸೋಗೆ ಹಳದಿಯಾಗಿ ಜೋತು ಬೀಳತ್ತೆ, ಬುಡದ ಹತ್ತಿರ ಕಂದು ರಸ ಒಸರತ್ತೆ. ಕಟ್ಟಕಡೆಗೆ ಬುಡದಲ್ಲಿ ಮರದಷ್ಟೇ ಗಟ್ಟಿ ಅಣಬೆ ಏಳತ್ತೆ. ಅಣಬೆ ಕಾಣೋ ಹೊತ್ತಿಗೆ ಆ ಮರದ ಆಸೆ ಬಿಟ್ಟಂಗೇ. ಮರ ಸತ್ತರೂ ಈ ಶಿಲೀಂಧ್ರ ಸಾಯಲ್ಲ. ಸತ್ತ ಬೊಡ್ಡೆ, ಸತ್ತ ಬೇರೇ ಅದಕ್ಕೆ ಊಟ. ಅಲ್ಲೇ ವರ್ಷಗಟ್ಟಲೆ ಕೂತು, ಬೇರಿಗೆ ಬೇರು ತಾಗಿದಲ್ಲಿ ಪಕ್ಕದ ಮರಕ್ಕೆ ದಾಟತ್ತೆ. ತೆಂಗನ್ನೂ ಬಿಡಲ್ಲ. 1952ರಲ್ಲಿ ತಂಜಾವೂರು ಜಿಲ್ಲೆಯ ತೆಂಗಿನ ತೋಟಗಳಲ್ಲಿ ಕಾಣಿಸ್ಕೊಂಡು ತಂಜಾವೂರು ರೋಗ ಅಂತ ಹೆಸರು ಪಡೆದದ್ದೂ ಇದೇ ಕಾಯಿಲೆ.

‘ಮಳೆಗಾಲದಲ್ಲಿ ಬೋರ್ಡೋ ಹೊಡೆಸಿದೀವಲ್ಲ’ ಅನ್ನೋರಿದಾರೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಹಾಕಿ ಗೊನೆಗೆ ಹೊಡೆಯೋದು ಕೊಳೆರೋಗಕ್ಕೆ. ಅದು ಮೇಲಿನ ಕಾಯಿಲೆ, ಇದು ನೆಲದೊಳಗಿನದು. ಹಲ್ಲುನೋವಿಗೆ ಮಂಡಿಗೆ ಎಣ್ಣೆ ತಿಕ್ಕಿದ್ರೆ ಗುಣ ಆಗತ್ತಾ?

ಮಾಡಬೇಕಾದ್ದು ದೊಡ್ಡ ವಿದ್ಯೆಯೇನಲ್ಲ. ಬೊಡ್ಡೆಯನ್ನ ಬೇರು ಸಮೇತ ಅಗೆದು ತೆಗೆದು ಸುಡಬೇಕು. ಅದನ್ನೇ ಕಾಲುವೆಗೆ ಅಡ್ಡ ಹಾಕಿ ಸಂಕ ಮಾಡೋದು, ತೋಟದ ಮೂಲೆಗೆ ಒಟ್ಟೋದು ಬೇಡ. ಆ ಜಾಗದ ಸುತ್ತ 2 ಅಡಿ ಆಳ, 1 ಅಡಿ ಅಗಲದ ಕಂದಕ ಹೊಡೆದು, ಪಕ್ಕದ ಮರದ ಬೇರಿನ ನಂಟು ಕಡಿಯಬೇಕು. ಅಲ್ಲಿಂದ ನೀರು ಇನ್ನೊಂದು ಬುಡಕ್ಕೆ ಹರೀಬಾರದು. ಸುತ್ತಲಿನ ಮರಗಳಿಗೆ ವರ್ಷಕ್ಕೆ ತಲಾ 2 ಕೆಜಿ ಬೇವಿನ ಹಿಂಡಿ ಹಾಕಿ, ಕೊಟ್ಟಿಗೆ ಗೊಬ್ಬರದಲ್ಲಿ ಟ್ರೈಕೋಡರ್ಮಾ ಬೆರೆಸಿ ಕೊಡಬೇಕು. ಟ್ರೈಕೋಡರ್ಮಾ ಹಾಕಿದ ಬುಡಕ್ಕೆ ಉಳಿದ ಬೋರ್ಡೋ ತಂದು ಸುರೀಬೇಡಿ, ತಾಮ್ರ ಅದಕ್ಕೂ ವಿಷವೇ. ಇಷ್ಟು ಮಾಡದೆ ಅದೇ ಗುಂಡಿಗೆ ಮುಂದಿನ ಮಳೆಗೇ ಹೊಸ ಸಸಿ ನೆಡೋದು ಅಂದ್ರೆ, ರೋಗಕ್ಕೆ ಎಳೇ ಬೇರು ಬಡಿಸಿದಂಗೆ.

‘ಆಳು ಎಲ್ಲಿ ಸಿಗ್ತಾರೆ, ಕೂಲಿ ಎಷ್ಟು’ ಅನ್ನೋದು ಕಡೇ ಮಾತು. ಕೂಲಿ ಹೆಚ್ಚು, ಒಪ್ಪಿದೆ. ಆದ್ರೆ ಹೊಸ ಸಸಿ ಫಸಲಿಗೆ ಬರೋಕೆ 5-6 ವರ್ಷ ಬೇಕು. ಅಷ್ಟೂ ವರ್ಷ ಗೊಬ್ಬರ ಹಾಕಿ, ನೀರು ಹೊಯ್ದು ಕಾಯೋದು ಪುಕ್ಕಟೆಯಾ? ಒಂದು ದಿನದ ಕೂಲಿ ಕಾಣತ್ತೆ, ಆರು ವರ್ಷದ ಚಾಕರಿ ಕಾಣಲ್ಲ. ಆ ಚಾಕರಿಯಲ್ಲಿ ಅರ್ಧ ನಮ್ಮದೇ ಆಗಿರೋದಕ್ಕೋ ಏನೋ!

ಬಿದ್ದ ಅಡಿಕೆ ಹೆಕ್ಕೋಕೆ, ಹಾಳೆ ಆರಿಸೋಕೆ ದಿನಾ ತೋಟಕ್ಕೆ ಹೋಗೋರು ನಾವು. ಸೋಗೆ ಬಾಡಿದ್ದು, ಬುಡ ಒಸರಿದ್ದು ಮೊದಲು ಬೀಳೋದು ನಮ್ಮ ಕಣ್ಣಿಗೆ. ಹಂಗಾಗಿ ಅಕ್ಕಂದಿರೇ, ಸುಮ್ನಿರಬೇಡಿ. ಕಂಡ ದಿನವೇ ಹೇಳಿ, ಕಿವಿಗೆ ಹಾಕ್ಕೊಳ್ಳದಿದ್ರೆ ಇನ್ನೊಂದು ಸಲ ಹೇಳಿ. ಮರ ಕಡಿಯೋಕೆ ಆಳು ಬಂದಾಗ ಬೊಡ್ಡೆ ಕೀಳೋದನ್ನೂ ಸೇರಿಸಿಯೇ ಕೂಲಿ ಮಾತಾಡಿಸಿ. ಬೊಡ್ಡೆ ಎದ್ದು ಸುಟ್ಟು ಬೂದಿಯಾಗೋವರೆಗೂ ಆ ಮರ ಕಡಿದಾಯ್ತು ಅಂತ ಯಾರು ಅಂದ್ರೂ ಒಪ್ಪಬೇಡಿ.