ಹತ್ತಿಯ ಸುಂಕ ಇಳಿದರೆ ಯಾರ ಹೊಟ್ಟೆ ತುಂಬುತ್ತದೆ?

2025ರ ಆಗಸ್ಟ್ ತಿಂಗಳಲ್ಲಿ ಹತ್ತು ದಿನಗಳೊಳಗೆ ಮೂರು ಸಂಗತಿಗಳು ನಡೆದವು. 19ನೇ ತಾರೀಖು ಭಾರತ ಸರಕಾರವು ಹೊರದೇಶದ ಹತ್ತಿಯ ಮೇಲಿದ್ದ ನೂರಕ್ಕೆ 11ರ ಆಮದು ಸುಂಕವನ್ನು ತೆಗೆದುಹಾಕಿತು. 27ರಿಂದ ಅಮೇರಿಕವು ಬಟ್ಟೆಯೂ ಸೇರಿದಂತೆ ನಮ್ಮ ಅನೇಕ ಸರಕುಗಳ ಮೇಲೆ ನೂರಕ್ಕೆ 50ರ ಸುಂಕ ಹೇರಿತು. ಮರುದಿನವೇ ನಮ್ಮ ಸರಕಾರವು ಸೆಪ್ಟೆಂಬರ್ 30ರವರೆಗೆ ಎಂದಿದ್ದ ವಿನಾಯಿತಿಯನ್ನು ಡಿಸೆಂಬರ್ 31ರವರೆಗೆ ಬೆಳೆಸಿತು. ಅವರು ಬಾಗಿಲು ಹಾಕಿಕೊಂಡರು, ನಾವು ಇನ್ನಷ್ಟು ಅಗಲಕ್ಕೆ ತೆರೆದೆವು.

ಗಿರಣಿ ಮಾಲೀಕರ ವಾದವಿಷ್ಟು: ಬಾಂಗ್ಲಾದೇಶಕ್ಕೂ ವಿಯೆಟ್ನಾಮಿಗೂ ಅಮೇರಿಕ ಆಗ ಹಾಕಿದ್ದು ನೂರಕ್ಕೆ 20 ಮಾತ್ರ, ಅವರೆದುರು ನಿಲ್ಲಬೇಕಾದರೆ ಹತ್ತಿಯಾದರೂ ಅಗ್ಗವಾಗಬೇಕು, ಇಲ್ಲವಾದರೆ ಗಿರಣಿ ನಿಲ್ಲುತ್ತದೆ, ಕೂಲಿಗಾರ ಬೀದಿಗೆ ಬೀಳುತ್ತಾನೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಆದ್ದರಿಂದಲೇ ಇದು ಅಪಾಯಕಾರಿ. ಗಿರಣಿ ನಿಂತರೆ ಏನಾಗುತ್ತದೆಂಬುದನ್ನು ನಮ್ಮ ಓದುಗರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ತಿಂಗಳುಗಳನ್ನು ಸ್ವಲ್ಪ ನೋಡಿ. ರೈತನು ಹೊಸ ಹತ್ತಿಯನ್ನು ಪೇಟೆಗೆ ತರುವುದು ಅಕ್ಟೋಬರಿನಿಂದ. ಬಾಗಿಲು ತೆರೆದಿಟ್ಟದ್ದು ಸರಿಯಾಗಿ ಆ ತಿಂಗಳುಗಳಲ್ಲೇ! ಉದ್ದ ಎಳೆಯ ಹತ್ತಿಗೆ ಕ್ವಿಂಟಲಿಗೆ 8,110 ರೂಪಾಯಿ, ಮಧ್ಯಮಕ್ಕೆ 7,710 ಎಂದು ಬೆಂಬಲ ಬೆಲೆ ಸಾರಿದ ಸರಕಾರವೇ ಇದನ್ನೂ ಮಾಡಿತು.

ಹೊರಗಿನ ಹತ್ತಿ ಅಗ್ಗವೆನ್ನುತ್ತಾರಲ್ಲ, ಏಕೆ ಅಗ್ಗ? ಈ ಲೆಕ್ಕವನ್ನು ಬ್ರೆಜಿಲ್ ದೇಶ ಹಿಂದೆಯೇ ಬಿಡಿಸಿಟ್ಟಿದೆ. ಅಮೇರಿಕ ತನ್ನ ಹತ್ತಿ ಬೆಳೆಗಾರರಿಗೆ ಖಜಾನೆಯಿಂದ ಹಣ ಸುರಿದು ಪ್ರಪಂಚದ ಧಾರಣೆಯನ್ನು ಕೆಡಿಸುತ್ತಿದೆ ಎಂದು ಅದು 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರಿತು. 2004ರಲ್ಲಿ ಗೆದ್ದಿತು, 2005ರಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ಸೋತ ಅಮೇರಿಕ ಸಹಾಯಧನ ನಿಲ್ಲಿಸಿತೆ? ಇಲ್ಲ. 2010ರಲ್ಲಿ ವರ್ಷಕ್ಕೆ 14 ಕೋಟಿ 73 ಲಕ್ಷ ಡಾಲರನ್ನು ಬ್ರೆಜಿಲಿನ ಹತ್ತಿಗಾಗಿ ಕೊಡಲು ಒಪ್ಪಿಕೊಂಡಿತು. 2014ರಲ್ಲಿ ಇನ್ನೂ 30 ಕೋಟಿ ಡಾಲರ್ ಕೊಟ್ಟು ದಾವೆಯನ್ನೇ ಮುಗಿಸಿಕೊಂಡಿತು. ತನ್ನ ರೈತರಿಗೆ ಕೊಡುವುದಕ್ಕೆ ಅಡ್ಡಿ ಬಾರದಿರಲೆಂದು ಪರದೇಶಕ್ಕೂ ಕೊಟ್ಟಿತು! ಮುಕ್ತ ವ್ಯಾಪಾರದ ಪುರಾಣ ಹೇಳುವವರ ಮನೆಯ ಆಚಾರ ಇದು. ದಾವೆ ಹೂಡುವ ಶಕ್ತಿ ಬ್ರೆಜಿಲಿಗೆ ಇತ್ತು. ಬೆನಿನ್, ಬುರ್ಕಿನಾ ಫಾಸೊ, ಮಾಲಿ, ಚಾಡ್ ಎಂಬ ಆಫ್ರಿಕದ ನಾಲ್ಕು ಬಡ ದೇಶಗಳು 2003ರಲ್ಲಿ ಇದೇ ಅಳಲನ್ನು ತೋಡಿಕೊಂಡವು. ಅವಕ್ಕೆ ಸಿಕ್ಕಿದ್ದು ಸಭೆಗಳು, ಮತ್ತೆ ಸಭೆಗಳು.

ಹಾಗಾದರೆ ಗಿರಣಿ ಕೆಲಸಗಾರನು ಯಾರ ಕಡೆ ನಿಲ್ಲಬೇಕು? ಮಾಲೀಕನ ಕಡೆಯೋ, ರೈತನ ಕಡೆಯೋ? ಈ ಪ್ರಶ್ನೆಯನ್ನು ಹೀಗೆ ಕೇಳುವುದೇ ಮಾಲೀಕನ ಚಾತುರ್ಯ. 1861ರಲ್ಲಿ ಅಮೇರಿಕದ ಅಂತರ್ಯುದ್ಧ ಆರಂಭವಾಗಿ ದಕ್ಷಿಣದ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಲ್ಯಾಂಕಾಶೈರಿನ ಲಕ್ಷಾಂತರ ಕೂಲಿಗಾರರು ಕೆಲಸವಿಲ್ಲದೆ ಕುಳಿತರು. ಗುಲಾಮರು ಬಿಡಿಸಿದ ಹತ್ತಿ ಬಂದರೆ ಸಾಕು, ಮಗ್ಗ ಓಡುತ್ತದೆ ಎಂದು ಅವರಿಗೂ ಹೇಳಿಕೊಡುವವರಿದ್ದರು. ಎಲ್ಲರ ಮನಸ್ಸೂ ಒಂದೇ ಆಗಿತ್ತೆಂದಲ್ಲ. ಆದರೂ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ದುಡಿಮೆಗಾರರು ಸಭೆ ಸೇರಿ, ಗುಲಾಮಗಿರಿ ತೊಲಗಲೆಂದು ಲಿಂಕನ್ನನಿಗೆ ಪತ್ರ ಬರೆದರು. ಮುಂದಿನ ತಿಂಗಳು ಲಿಂಕನ್ ಅವರಿಗೆ ಉತ್ತರವನ್ನೂ ಬರೆದನು. ಹಸಿದವರು ತಮ್ಮ ಹಸಿವಿಗೆ ಯಾರು ಕಾರಣರೆಂಬುದನ್ನು ತಾವೇ ಯೋಚಿಸಿ ತಿಳಿದಿದ್ದರು. (ಆ ವರ್ಷಗಳಲ್ಲಿ ನಮ್ಮ ಧಾರವಾಡ ಸೀಮೆಯ ಹತ್ತಿಗೂ ಬಂಗಾರದ ಧಾರಣೆ ಬಂದು, 1865ರಲ್ಲಿ ಯುದ್ಧ ಮುಗಿದೊಡನೆ ಕುಸಿಯಿತು. ಹೊಲ ಇಲ್ಲಿ, ತಕ್ಕಡಿ ಮಾತ್ರ ಸಮುದ್ರದಾಚೆ.)

ಇನ್ನು ನಮ್ಮ ಚಿಲ್ಲರೆ ವ್ಯಾಪಾರಿಗಳು. ಸುಂಕದ ಮಾತು ತಮಗೆ ಸಂಬಂಧಿಸಿದ್ದಲ್ಲವೆಂದು ಅವರಲ್ಲಿ ಕೆಲವರು ತಿಳಿದಿದ್ದಾರೆ. ದೀಪಾವಳಿಗೆ ಅರಿವೆ ಕೊಳ್ಳುವವರು ಯಾರು? ಹತ್ತಿ ಮಾರಿ ಬಂದ ರೈತ ಮತ್ತು ಬೋನಸ್ ಪಡೆದ ಕೂಲಿಗಾರ. ಈ ಇಬ್ಬರ ಕಿಸೆಯೂ ಬರಿದಾದರೆ ಅಂಗಡಿಯ ದೀಪ ಯಾರಿಗಾಗಿ ಹಚ್ಚಬೇಕು?

ನಾನು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವನು. ಉಳಿದ ಬಾಕಿ ಎಲ್ಲಿ ಹೋಯಿತೆಂದು ಕೇಳುವುದು ಇನ್ನೂ ಅಭ್ಯಾಸ. ನೂರಕ್ಕೆ 11ರ ಸುಂಕ ಖಜಾನೆಗೆ ತಪ್ಪಿದರೆ ಆ ಹಣ ಯಾವ ಕೈ ಸೇರುತ್ತದೆ? ಕೂಲಿ ಏರಿತೆಂಬ ಸುದ್ದಿ ಯಾವ ಗಿರಣಿಯಿಂದಲೂ ನನ್ನ ಕಿವಿಗೆ ಬಿದ್ದಿಲ್ಲ. ಆದ್ದರಿಂದ ಮುಂದಿನ ಸಲ ಮಾಲೀಕರು ವಿನಾಯಿತಿ ಕೇಳಲು ದಿಲ್ಲಿಗೆ ಹೊರಟಾಗ ನಮ್ಮ ಸಂಘಗಳು ಮೊದಲು ಅವರ ಮುಂದೆ ಕರಾರು ಇಡಬೇಕು: ವಿನಾಯಿತಿ ಇರುವಷ್ಟು ಕಾಲ ಒಬ್ಬನನ್ನೂ ಕೆಲಸದಿಂದ ತೆಗೆಯಬಾರದು, ಹತ್ತಿ ಕೊಂಡ ಧಾರಣೆಯ ಪುಸ್ತಕವನ್ನು ಸಂಘಕ್ಕೆ ತೋರಿಸಬೇಕು. ರೈತ ಸಂಘದವರೊಡನೆ ಕೂಡಿ, ಭಾರತೀಯ ಹತ್ತಿ ನಿಗಮದ ಖರೀದಿ ಕೇಂದ್ರಗಳು ಮೊದಲ ಗಾಡಿ ಪೇಟೆಗೆ ಬರುವ ಮುನ್ನವೇ ತೆರೆದಿರಬೇಕೆಂದು ಜಿಲ್ಲಾಧಿಕಾರಿಗೆ ಈಗಲೇ ಅರ್ಜಿ ಕೊಡಬೇಕು. ಅರ್ಜಿಯ ಕರಡು ಪಕ್ಷದ ಕಚೇರಿಯಲ್ಲಿದೆ. ಸಂಜೆ ಪಾಳಿ ಬಿಟ್ಟು ಬರುವವರು ಓದಿ ರುಜು ಹಾಕಬಹುದು.